ಕಸ ಹಾಕೋಕೂ ಒಂದು ಟೈಮು

ಶಾಂಘೈನಲ್ಲಿ ಬ್ಲಾಗ್ ಬರೆಯುವ ಹೊರದೇಶದವರ ಸಣ್ಣ ಗುಂಪೊಂದಿದೆ. ಭಾನುವಾರ ಯಾವುದಾದರೂ ಕಾಫಿ ಅಂಗಡಿಯಲ್ಲಿ ಸೇರುತ್ತೇವೆ. ಮೊದಲು ಈ ವಾರ ಯಾವ ವಿಪಿಎನ್ ನಡೀತಿದೆ ಅನ್ನೋ ಮಾತು. ಅದಿಲ್ಲದಿದ್ದರೆ ಇಲ್ಲಿ ಸರ್ಕಾರ ತಡೆದಿಟ್ಟಿರುವ ಬ್ಲಾಗ್‌ಸ್ಪಾಟೂ ತೆರೆಯಲ್ಲ, ಜಿಮೇಲೂ ತೆರೆಯಲ್ಲ. ಆಮೇಲೆ ಕಸದ ಗೋಳು ಶುರು.

ಮೊನ್ನೆ ಅಮೆರಿಕದ ಗೆಳೆಯನೊಬ್ಬ ತನ್ನ ಅಪಾರ್ಟ್‌ಮೆಂಟಿನ ಕಸದ ನಿಯಮಗಳನ್ನು ಗೇಲಿ ಮಾಡಿ ಬರೆದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಸುಮ್ನೆ ಕೂತಿದ್ದೆ. "ನಿಮ್ಮೂರಲ್ಲಿ ಈ ತಲೆನೋವೆಲ್ಲ ಇಲ್ಲ ಬಿಡು" ಅಂದ. ಪಾಪ, ಒಳ್ಳೇ ಮನಸ್ಸಿಂದಲೇ ಅಂದದ್ದು. ಆದರೂ ಚುರ್ ಅಂತು.

ನಮ್ಮೂರಲ್ಲಿ ಇಲ್ಲದೆ ಏನು? ಶಾಂಘೈಗೆ ಕಸ ಬೇರೆ ಮಾಡುವ ಈ ಕಾನೂನು ಬಂದದ್ದು 2019ರ ಜುಲೈ 1ಕ್ಕೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಅಂತ ಬೆಂಗಳೂರಿನವರಿಗೆ ಹೇಳಿದ್ದು 2012ರಲ್ಲೇ. ಊರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ಇನ್ನು ಸಾಕು ಅಂದು, ಬೀದಿ ಬೀದಿಯಲ್ಲಿ ಕಸ ಕೊಳೆತಿತ್ತಲ್ಲ, ಅದೇ ವರ್ಷ. 7 ವರ್ಷ ಮುಂದಿದ್ದೆವು ಸ್ವಾಮಿ!

ಇಲ್ಲಿ ಹೇಗೆ ಅಂದರೆ, ನಮ್ಮ ಕಾಂಪೌಂಡಿನಲ್ಲಿ ಕಸದ ಜಾಗ ತೆರೆಯುವುದು ಬೆಳಿಗ್ಗೆ ಎರಡು ಗಂಟೆ ಹೊತ್ತು, ಸಂಜೆ ಎರಡು ಗಂಟೆ ಹೊತ್ತು ಅಷ್ಟೇ. ನಾಲ್ಕು ಡಬ್ಬ: ಹಸಿ, ಒಣ, ಮರುಬಳಕೆಯದ್ದು, ಬ್ಯಾಟರಿ-ಔಷಧಿಯಂಥದ್ದು. ಪಕ್ಕದಲ್ಲಿ ತೋಳಿಗೆ ಕೆಂಪು ಪಟ್ಟಿ ಕಟ್ಟಿ, ಉದ್ದನೆಯ ಇಕ್ಕಳ ಹಿಡಿದ ರಿಟೈರಾದ ಹೆಂಗಸು. ಎಲ್ಲರೂ ಅವರನ್ನು ಆಯಿ ಅಂತಾರೆ, ಚೀನೀ ಭಾಷೆಯಲ್ಲಿ ಆಂಟಿ ಅಂತ. ಹಸಿ ಕಸವನ್ನು ಕವರ್ ಸಮೇತ ಎಸೆಯುವ ಹಾಗಿಲ್ಲ. ಕವರ್ ಬಿಚ್ಚಿ ಅನ್ನ, ಸಿಪ್ಪೆ, ಚಹಾ ಚರಟವನ್ನೆಲ್ಲ ಡಬ್ಬಕ್ಕೆ ಸುರಿದು, ಖಾಲಿ ಕವರನ್ನು ಒಣ ಡಬ್ಬಕ್ಕೆ ಹಾಕಬೇಕು. ಕೈಗೆ ಮೆತ್ತುತ್ತದೆ, ಅದಕ್ಕೇ ಅಲ್ಲೇ ಒಂದು ನಲ್ಲಿ. ತೆಂಗಿನ ಚಿಪ್ಪು ಒಣ ಕಸ. ಮೂಳೆ ಸಣ್ಣದಾದರೆ ಹಸಿ, ದೊಡ್ಡದಾದರೆ ಒಣ! ಈ ಮೂಳೆಯ ಮೇಲೆ ನಮ್ಮ ಗುಂಪಿನವರೆಲ್ಲ ಒಂದೊಂದು ಪೋಸ್ಟ್ ಬರೆದಾಗಿದೆ.

ತಪ್ಪಿದರೆ 50ರಿಂದ 200 ಯುವಾನ್ ದಂಡ. ನಮ್ಮ ಕಾಂಪೌಂಡಲ್ಲಿ ಕಟ್ಟಿದವರನ್ನು ನಾನಂತೂ ಕಂಡಿಲ್ಲ. ಆಯಿಯ ಕಣ್ಣೇ ಸಾಕು. ಮನೆಮನೆಯ ವಿಷಯ ಗೊತ್ತಿರುವ ಹೆಂಗಸಿನ ಮುಂದೆ ಕವರ್ ಬಿಚ್ಚಬೇಕಲ್ವಾ?

ನಮ್ಮಲ್ಲೋ, ಅಪ್ಪ ಹಸಿ ಬಕೆಟ್ಟು, ಒಣ ಚೀಲ ಬೇರೆ ಬೇರೆ ಹಿಡಿದು ಗೇಟಿಗೆ ಬರುತ್ತಾರೆ. ಆಟೋದವನು ಎರಡನ್ನೂ ಒಟ್ಟಿಗೆ ಸುರಿದು ಹೊರಡುತ್ತಾನೆ. ಎದುರು ಮನೆಯವರು ಅಷ್ಟೂ ಮಾಡಲ್ಲ. ರಾತ್ರಿ ಊಟ ಆದ ಮೇಲೆ ಸ್ಕೂಟರಿಗೆ ಕವರ್ ನೇತುಹಾಕಿಕೊಂಡು ಹೋಗಿ ಖಾಲಿ ಸೈಟಿಗೆ ಬೀಸಿ ಬರ್ತಾರೆ. ಇನ್ನು ಆಯುಧಪೂಜೆಯ ಮಾರನೇ ದಿನ ಆ ಸೈಟಿನ ಕಥೆ ಕೇಳಲೇಬೇಡಿ. ಕೇಳಿದರೆ ಎಲ್ಲರದ್ದೂ ಒಂದೇ ಮಾತು, "ನಮ್ ಜನಾನೇ ಹಿಂಗೆ". ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಶಾಂಘೈ ಜನವೂ ಕಾನೂನು ಬರುವ ತನಕ ಹೆಚ್ಚು ಕಮ್ಮಿ ಎಲ್ಲವನ್ನೂ ಒಂದೇ ಡಬ್ಬಕ್ಕೆ ತುರುಕುತ್ತಿದ್ದವರೇ. ಪಕ್ಕದಲ್ಲಿ ಒಬ್ಬರು ಬಂದು ನಿಂತದ್ದೇ ತಡ, ಕಲಿತುಬಿಟ್ಟರು. ನಮ್ಮ ಬೀದಿಯಲ್ಲಿ ರಿಟೈರಾದವರಿಗೆ ಬರವೇ?

ಹಾಗಂತ ಇಲ್ಲಿ ಎಲ್ಲ ಸುಖ ಅಂತಲ್ಲ. ಲಿಫ್ಟಿಲ್ಲದ ಹಳೇ ಕಟ್ಟಡದಲ್ಲಿ ಮಂಡಿ ನೋವಿನ ಅಜ್ಜಿಯೂ ಐದು ಮಹಡಿ ಇಳಿದು ಹೊತ್ತಿಗೆ ಸರಿಯಾಗಿ ಬರಬೇಕು. ನಮ್ಮಲ್ಲಿ ಗಾಡಿ ಬಾಗಿಲಿಗೇ ಬರುತ್ತದೆ. ಇನ್ನೊಂದು ಮಾತನ್ನೂ ಹೇಳಲೇಬೇಕು. 2014ರಲ್ಲಿ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನವರು ಅದರ ವಿರುದ್ಧ ಬೀದಿಗಿಳಿದರು, ವರ್ಷ ಮುಗಿಯುವಷ್ಟರಲ್ಲಿ ಅಲ್ಲಿ ಸುರಿಯುವುದು ನಿಂತಿತು. ಶಾಂಘೈನ ಕಸ ಬಹಳಷ್ಟು ಹೋಗುವುದು ಪುಡಾಂಗ್ ಜಿಲ್ಲೆಯ ಸಮುದ್ರದ ಅಂಚಿಗಿರುವ ಲಾವ್‌ಗಾಂಗ್‌ಗೆ. ಅಲ್ಲಿನವರು ಯಾರಾದರೂ ಲಾರಿಗೆ ಅಡ್ಡ ನಿಂತರೆ ನಮ್ಮ ಗುಂಪಿನಲ್ಲಿ ಅದನ್ನು ಬರೆಯುವವರು ಯಾರು? ನನ್ನನ್ನೂ ಸೇರಿಸಿಯೇ ಕೇಳ್ತಿದ್ದೀನಿ. ವೀಸಾ ರಿನ್ಯೂ ಆಗಬೇಕಲ್ಲ.