‘ನೀನು ಮೊದಲು ಹೀಗಿರಲಿಲ್ಲ’

ತೀರ್ಥಹಳ್ಳಿಯ ಮದುವೆ ಮುಗಿಸಿಕೊಂಡು ನಿನ್ನೆ ತಡರಾತ್ರಿ ಬೆಂಗಳೂರಿಗೆ ಬಂದೆ. ನಿದ್ದೆ ಬರಲಿಲ್ಲ. ‘ನೀನು ಮೊದಲು ಹೀಗಿರಲಿಲ್ಲ ಕಣೇ. ತುಂಬಾ ಬದಲಾಗಿಬಿಟ್ಟೆ.’ ಈ ಮಾತು ಕಿವಿಯಲ್ಲೇ ಕೂತಿದೆ. ಹೇಳಿದ್ದು ನನ್ನನ್ನು ಎತ್ತಿ ಆಡಿಸಿದ ಚಿಕ್ಕಮ್ಮ. ಅದೂ ಊಟದ ಪಂಕ್ತಿಯಲ್ಲಿ, ಎಲ್ಲರ ಎದುರಿಗೆ.

ಆಗಿದ್ದು ಇಷ್ಟು. ಅಣ್ಣನ ಮಗಳು ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಇನ್ನೂ ಒಂದು ವರ್ಷ ಬಾಕಿ ಇದೆ. ಒಳ್ಳೇ ಸಂಬಂಧ ಬಂದಿದೆ, ಓದು ಬಿಡಿಸಿ ಮದುವೆ ಮಾಡೋಣ ಅಂತ ದೊಡ್ಡವರು ಮಾತಾಡುತ್ತಿದ್ದರು. ಹುಡುಗಿ ಅಲ್ಲೇ ಪಾಯಸ ಬಡಿಸುತ್ತಿದ್ದಳು. ‘ಅವಳನ್ನು ಒಂದು ಮಾತು ಕೇಳಿದ್ರಾ?’ ಅಂದೆ. ಬೇರೆ ಏನೂ ಹೇಳಲಿಲ್ಲ.

ನನ್ನನ್ನು ಬಲ್ಲವರಿಗೆ ಗೊತ್ತು, ನಾನೂ ಹಾಗೇ ಬಡಿಸುತ್ತಾ ಬೆಳೆದವಳು. ಯಾರು ಏನಂದರೂ ತಲೆ ಆಡಿಸುತ್ತಿದ್ದೆ. ಕೊನೇ ಪಂಕ್ತಿಯಲ್ಲಿ ಉಳಿದದ್ದು ಉಣ್ಣುತ್ತಿದ್ದೆ. ನಾನಾಗಿದ್ದ ಆ ಹುಡುಗಿಯನ್ನು ಎಲ್ಲರೂ ಹೊಗಳುತ್ತಿದ್ದರು. ಈಗಲೂ ಅವಳನ್ನೇ ಹುಡುಕುತ್ತಿದ್ದಾರೆ.

ಆದರೆ ಅವಳು ಏನು ಮಾಡಿದ್ದಳು ಅಂತ ನನಗೆ ಗೊತ್ತು. ಇದನ್ನು ಇಲ್ಲಿವರೆಗೆ ಎಲ್ಲೂ ಬರೆದಿಲ್ಲ. ಆಗ ನನಗೆ 24. ಗೆಳತಿಯೊಬ್ಬಳು ಗಂಡನ ಹೊಡೆತ ತಾಳಲಾರದೆ ನಮ್ಮ ಮನೆಗೆ ಬಂದಿದ್ದಳು. ತೋಳಿನ ಮೇಲೆ ಬಾಸುಂಡೆ. ಕಾಫಿ ಕೊಟ್ಟೆ. ‘ಸ್ವಲ್ಪ ಹೊಂದಿಕೊಂಡು ಹೋಗೇ, ಎಲ್ಲಾ ಸರಿಹೋಗುತ್ತೆ’ ಅಂತ ಬಸ್ಸು ಹತ್ತಿಸಿದೆ. ಒಳ್ಳೇ ಹುಡುಗಿಯರು ಹೀಗೇ ಹೇಳಬೇಕು ಅಂತ ನಂಬಿದ್ದೆ. ಅವಳು ಮತ್ತೆ ಆರು ವರ್ಷ ಆ ಮನೆಯಲ್ಲಿ ಕಳೆದಳು. ಆಮೇಲೆ ಕ್ಷಮೆ ಕೇಳಿದೆ, ಕ್ಷಮಿಸಿದಳು. ನನಗೇ ನನ್ನನ್ನು ಕ್ಷಮಿಸಲು ಆಗಿಲ್ಲ. ಚಿಕ್ಕಮ್ಮ, ನೀವು ವಾಪಸ್ ಕೇಳುತ್ತಿರುವುದು ಆಗಿನ ಆ ನನ್ನನ್ನು. ಕೊಡಲಾರೆ.

ಬದಲಾಗುವುದು ಅಂದರೆ ನಮ್ಮವರಿಗೆ ಯಾಕಿಷ್ಟು ಭಯ? ಮನೆ ಹಿಂದೆಯೇ ತೋಟ ಇದೆಯಲ್ಲ. ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಬಿದ್ದ ಜಾಗದಲ್ಲಿ ಮರದ ಸುತ್ತ ಒಂದು ಗೆರೆ ಉಳಿಯುತ್ತದೆ. ಸಿಂಗಾರ, ಅಂದರೆ ಅಡಿಕೆಯ ಹೂಗೊನೆ, ಅಡಗಿರುವುದು ಆ ಹಾಳೆಯ ಒಳಗೇ. ಹಾಳೆ ಕಳಚದೆ ಸಿಂಗಾರ ಅರಳುವುದಿಲ್ಲ. ಅಡಿಕೆ ಬೆಳೆದೇ ಬದುಕಿದ ಮನೆಯವರಿಗೆ ನಾನು ಇದನ್ನು ಹೇಳಿಕೊಡಬೇಕಾ?

ಅದೇ ಪಂಕ್ತಿಯಲ್ಲಿ ಸ್ವಲ್ಪ ಹೊತ್ತಿಗೆ ಮುಂಚೆ ಕುವೆಂಪು ನಮ್ಮವರು ಅನ್ನುವ ಮಾತೂ ಬಂದಿತ್ತು. ನನಗೂ ಆ ಹೆಮ್ಮೆ ಜಾಸ್ತಿಯೇ ಇದೆ. ಆದರೆ ಅವರು ಶುರುವಿನಲ್ಲಿ ಕವಿತೆ ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದಾಗ, ನಿಮ್ಮ ಭಾಷೆಯಲ್ಲೇ ಬರೆಯಿರಿ ಅಂದರು. ಇನ್ನೂ 20 ತುಂಬದ ಹುಡುಗ. ಅಲ್ಲಿವರೆಗೆ ಬರೆದದ್ದನ್ನೆಲ್ಲ ಹಿಂದೆ ಬಿಟ್ಟು ಕನ್ನಡಕ್ಕೆ ತಿರುಗುವುದು ಸುಮ್ನೆ ಮಾತಲ್ಲ. ಮುಂದೆ ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಅವರೇ. ‘ನೀನು ಮೊದಲು ಹೀಗಿರಲಿಲ್ಲ’ ಅಂತ ಯಾರಾದರೂ ಆಗ ಅವರನ್ನು ಹಿಡಿದು ನಿಲ್ಲಿಸಿದ್ದರೆ? ಕುಪ್ಪಳಿಗೆ ಹೋಗಿ ಕೈ ಮುಗಿಯುವ ನಾವು ಮನೆಯ ಮಕ್ಕಳಿಗೆ ಮಾತ್ರ ಹೀಗೆ ಯಾಕೆ ಹೇಳುತ್ತೇವೆ?

ದುಡ್ಡು ಬಂದ ಮೇಲೆ ಹಳೇ ಸ್ನೇಹಿತರ ಗುರುತೇ ಸಿಗದವರು ಇಲ್ವಾ ಅಂತ ಕೇಳಬಹುದು. ಇದ್ದಾರೆ. ಅವರ ವಿಷಯ ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ. ನಾನು ಚಿಕ್ಕಮ್ಮನ ಕಾಲಿಗೆ ನಮಸ್ಕಾರ ಮಾಡಿಯೇ ಊಟಕ್ಕೆ ಕೂತಿದ್ದೆ. ಅವರ ಮಂಡಿನೋವಿಗೆ ಎಣ್ಣೆ ತಗೊಂಡು ಹೋಗಿದ್ದೆ. ಅವರ ಮೇಲಿನ ಪ್ರೀತಿ ಒಂದು ಚೂರೂ ಕಮ್ಮಿಯಾಗಿಲ್ಲ. ಹಾಗಿದ್ದೂ ಆ ಮಾತು ಬಂತಲ್ಲ, ಅದಕ್ಕೇ ಇಷ್ಟು ನೋವು.

ಹೊರಡುವಾಗ ಆ ಹುಡುಗಿ ಕಾರಿನ ತನಕ ಬಂದಳು. ಸುತ್ತ ಒಮ್ಮೆ ನೋಡಿ, ‘ಅತ್ತೆ, ನಾಳೆ ಫೋನ್ ಮಾಡ್ಲಾ?’ ಅಂದಳು.

ಬೆಳಿಗ್ಗೆಯಿಂದ ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದೇನೆ.