ಸಬ್‌ವೂಫರ್ ಪೆಟ್ಟಿಗೆಗೆ ಪ್ಯಾಸಿವ್ ರೇಡಿಯೇಟರ್ ಬೇಕೇ? ಪರ–ವಿರೋಧ

ವಾದಕ್ಕಿಳಿದ ಗೆಳೆಯರಿಬ್ಬರೂ ಎದುರಿಗಿಟ್ಟುಕೊಂಡ ಪೆಟ್ಟಿಗೆ ಒಂದೇ: 8 ಇಂಚಿನ ವೂಫರ್ (ತಗ್ಗಿನ ಸ್ವರ ನುಡಿಸುವ ಸ್ಪೀಕರ್), ಒಳಗೆ 20 ಲೀಟರ್ ಜಾಗ, 30 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 30 ಕಂಪನಕ್ಕೆ, ಶ್ರುತಿ. ವೂಫರಿನ ಅದುರುವ ಕೋನಿನ ಹಿಂಬದಿಯ ಸದ್ದನ್ನು ವ್ಯರ್ಥ ಮಾಡದೆ ಹೊರತರಲು ಪಿವಿಸಿ ಕೊಳವೆ ಇಡಬೇಕೇ, ಪ್ಯಾಸಿವ್ ರೇಡಿಯೇಟರ್ (ಒಳಗಿನ ಗಾಳಿಯ ಒತ್ತಡದಿಂದಲೇ ಅದುರುವ ಕೋನ್) ಕೂರಿಸಬೇಕೇ?

ಪರ: ಕೊಳವೆಗೆ ಜಾಗವೆಲ್ಲಿದೆ?

ನಮ್ಮದು ಎರಡು ಕೋಣೆಯ ಫ್ಲ್ಯಾಟ್. ಟಿವಿಯ ಪಕ್ಕ ಮೊಣಕಾಲೆತ್ತರಕ್ಕಿಂತ ಕೆಳಗಿನ ಪೆಟ್ಟಿಗೆಯೊಂದಕ್ಕೆ ಮನೆಯಲ್ಲಿ ಒಪ್ಪಿಗೆ ಸಿಕ್ಕಿದೆ. ಅದಕ್ಕಿಂತ ಒಂದಿಂಚು ಹೆಚ್ಚು ಕೇಳುವ ಧೈರ್ಯ ನನಗಿಲ್ಲ. ನನ್ನ ವಾದವೆಲ್ಲ ಹುಟ್ಟುವುದು ಈ ಇಕ್ಕಟ್ಟಿನಿಂದ.

ಕೊಳವೆಯಿರುವ ಪೆಟ್ಟಿಗೆ ಎಂದರೆ ಕತ್ತಿನ ಬಾಟಲಿ. ಬಾಯಿಯ ಮೇಲೆ ಊದಿದರೆ ಬಾಟಲಿ ಒಂದೇ ಸ್ವರ ನುಡಿಯುತ್ತದೆ. ಕತ್ತಿನಲ್ಲಿರುವ ಗಾಳಿ ತೂಕದಂತೆ, ಹೊಟ್ಟೆಯಲ್ಲಿರುವ ಗಾಳಿ ಸ್ಪ್ರಿಂಗಿನಂತೆ ವರ್ತಿಸುವುದರಿಂದ ಹೀಗಾಗುತ್ತದೆ. ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ ಈ ತತ್ತ್ವವನ್ನು ಧ್ವನಿವರ್ಧಕಕ್ಕೆ ಹೊಂದಿಸಿ 1932ರಲ್ಲಿ ಪೇಟೆಂಟ್ ಪಡೆದರು. ಮೂರೇ ವರ್ಷದಲ್ಲಿ ಅಲ್ಲಿನ ರೇಡಿಯೋ ಕಂಪನಿ ಆರ್‌ಸಿಎಯ ಹ್ಯಾರಿ ಓಲ್ಸನ್ ಅವರಿಗೆ ಇನ್ನೊಂದು ಪೇಟೆಂಟ್ ದೊರೆಯಿತು: ಕತ್ತಿನ ಗಾಳಿಯ ಜಾಗದಲ್ಲಿ ಆಯಸ್ಕಾಂತವೂ ಸುರುಳಿಯೂ ಇಲ್ಲದ ಬರೀ ಕೋನ್. ಅದೇ ಪ್ಯಾಸಿವ್ ರೇಡಿಯೇಟರ್.

ಈಗ ನಮ್ಮ 20 ಲೀಟರಿನ ಲೆಕ್ಕಕ್ಕೆ ಬರೋಣ. ಒಳವ್ಯಾಸ 5 ಸೆಂ.ಮೀ. ಇರುವ ಕೊಳವೆಯಾದರೆ 29 ಸೆಂ.ಮೀ. ಉದ್ದ ಸಾಕು, ಆದರೆ ಜೋರಾಗಿ ನುಡಿಸಿದೊಡನೆ ಅದರ ಬಾಯಿ ಭುಸುಗುಟ್ಟುತ್ತದೆ. ಆ ಭುಸುಗು ತಪ್ಪಿಸಲೆಂದು 10 ಸೆಂ.ಮೀ.ಗೆ ಹೋದರೆ ಉದ್ದ 1 ಮೀಟರ್ 23 ಸೆಂ.ಮೀ.! ಅಡ್ಡಗಲ ಎಷ್ಟು ಹೆಚ್ಚಿಸುತ್ತೀರೋ ಅಷ್ಟು ಉದ್ದವನ್ನೂ ತೆರಬೇಕು. ಹತ್ತು ಲೀಟರಿಗೂ ಹೆಚ್ಚು ಜಾಗವನ್ನು ಕೊಳವೆಯೇ ನುಂಗುತ್ತದೆ. ಸಾಲದ್ದಕ್ಕೆ ಅಷ್ಟುದ್ದದ ಕೊಳವೆ ಕೊಳಲಿನಂತೆ ತನ್ನದೇ ಸ್ವರವನ್ನೂ ನುಡಿಯುತ್ತದೆ, ಸುಮಾರು 130 ಹರ್ಟ್ಸ್‌ನಲ್ಲಿ. ಗಂಡಸರ ಮಾತಿನ ದನಿ ಇರುವುದು ಅಲ್ಲೇ. ವಾರ್ತೆ ಓದುವವರ ಗಂಟಲು ಪೆಟ್ಟಿಗೆಯೊಳಗಿಂದ ಬಂದಂತೆ ಕೇಳಿದರೆ ಯಾರಿಗೆ ಬೇಕು?

10 ಇಂಚಿನ ರೇಡಿಯೇಟರ್ ಪೆಟ್ಟಿಗೆಯ ಒಂದು ಮುಖವನ್ನಷ್ಟೇ ಬೇಡುತ್ತದೆ. ಒಳಗಿನ ಜಾಗ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಶ್ರುತಿ ತಗ್ಗಿಸಬೇಕಾದರೆ ಹಿಂಬದಿಯ ಬೋಲ್ಟಿಗೆ ಒಂದು ವಾಷರ್ ಸೇರಿಸಿ, ಏರಿಸಬೇಕಾದರೆ ಒಂದು ತೆಗೆಯಿರಿ. ಅಂಗೈಯಗಲದ ಬ್ಲೂಟೂತ್ ಸ್ಪೀಕರುಗಳ ಎರಡು ತುದಿಯಲ್ಲಿ ಅದುರುವ ರಬ್ಬರ್ ಬಿಲ್ಲೆಗಳು ಇದೇ ಜಾತಿಯವು. ಅಷ್ಟು ಚಿಕ್ಕ ಒಡಲಿನಲ್ಲಿ ಕೊಳವೆ ಹಾಕಿ ತೋರಿಸಿ ಎಂದರೆ ಯಾವ ಕುಶಲಿಯೂ ಕೈಚೆಲ್ಲಬೇಕಾಗುತ್ತದೆ.

ಖರ್ಚಿನ ಮಾತು ಬರುತ್ತದೆಂದು ಗೊತ್ತು. ಸುರುಳಿ ಸುಟ್ಟ ಹಳೆಯ ವೂಫರ್ ಮನೆಯಲ್ಲಿದ್ದರೆ ಅದನ್ನೇ ರೇಡಿಯೇಟರ್ ಆಗಿ ಬಳಸಬಹುದು. ಇನ್ನೊಂದು, ಮುಚ್ಚಿದ ಪೆಟ್ಟಿಗೆಯಲ್ಲಿ ಹಲ್ಲಿ ಸಂಸಾರ ಹೂಡುವುದಿಲ್ಲ. ನಗಬೇಡಿ, ಊರಿನ ಮನೆಯಲ್ಲಿ ಕೊಳವೆಯೊಳಗಿಂದ ಒಣಗಿದ ಮೊಟ್ಟೆಗಳನ್ನು ಆಯ್ದವನು ನಾನು.

ವಿರೋಧ: ಮೂರು ಗ್ರಾಂ ಗಾಳಿ ಸಾಕು

ಗೆಳೆಯರು 5 ಮತ್ತು 10 ಸೆಂ.ಮೀ. ಕೊಳವೆಗಳ ಲೆಕ್ಕ ಕೊಟ್ಟು ನಡುವಿನದನ್ನು ಜಾಣತನದಿಂದ ಬಿಟ್ಟಿದ್ದಾರೆ. ಒಳವ್ಯಾಸ 7 ಸೆಂ.ಮೀ. ಇರಲಿ. ಉದ್ದ ಸುಮಾರು 60 ಸೆಂ.ಮೀ. ಆಗುತ್ತದೆ. ನಡುವೆ ಒಂದು ಬೆಂಡ್ ಹಾಕಿ ತಿರುಗಿಸಿದರೆ ಪೆಟ್ಟಿಗೆಯೊಳಗೆ ಮಡಚಿ ಕೂರುತ್ತದೆ, ತಿನ್ನುವ ಜಾಗ ಮೂರು ಲೀಟರಿನ ಆಸುಪಾಸು. ಹಾರ್ಡ್‌ವೇರ್ ಅಂಗಡಿಯ 75 ಮಿ.ಮೀ. ಪೈಪಿಗೆ ಇದು ತೀರ ಹತ್ತಿರದ ಅಳತೆ. ವೂಫರನ್ನು ಮಿತಿಯವರೆಗೆ ದುಡಿಸಿದರೆ ಅದೂ ಸದ್ದು ಮಾಡುತ್ತದೆ, ಒಪ್ಪುತ್ತೇನೆ. ಬಾಯಿಯನ್ನು ಬಿಸಿ ಮಾಡಿ ತುತ್ತೂರಿಯಂತೆ ಅಗಲಿಸಿದರೆ ಬಹುಪಾಲು ಅಡಗುತ್ತದೆ. ಫ್ಲ್ಯಾಟಿನಲ್ಲಿ 30 ಹರ್ಟ್ಸ್ ಸದ್ದನ್ನು ಆ ಮಟ್ಟಕ್ಕೆ ಏರಿಸುವವರಿಗೆ ಕೊಳವೆಗಿಂತ ಮೊದಲು ಕೆಳಮನೆಯವರು ಭುಸುಗುಟ್ಟುತ್ತಾರೆ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿಯೇ 41 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ ಎಂಬುದನ್ನು ನೆನಪಿಡಿ.

ಈಗ ನನ್ನ ನಿಜವಾದ ತಕರಾರು. ಆ 7 ಸೆಂ.ಮೀ. ಕೊಳವೆಯೊಳಗೆ ಹಿಂದುಮುಂದಾಗುವ ಗಾಳಿಯ ತೂಕ ಮೂರು ಗ್ರಾಂ. ಅದೇ ಕೆಲಸವನ್ನು 10 ಇಂಚಿನ ರೇಡಿಯೇಟರಿನಿಂದ ಮಾಡಿಸಲು ಅದರ ಚಲಿಸುವ ಭಾಗ 220 ಗ್ರಾಂ ತೂಗಬೇಕು, ಅಂಚಿನ ರಬ್ಬರಿನ ಬಿಗಿಯನ್ನು ಲೆಕ್ಕಕ್ಕೆ ತಂದರೆ ಇನ್ನೂ ಹೆಚ್ಚು. ಅಷ್ಟು ತೂಕ ಸೆಕೆಂಡಿಗೆ 30 ಸಲ, ಎರಡೂ ಕಡೆಗೆ 13 ಮಿ.ಮೀ. ಓಲಾಡಿದರೆ ಪೆಟ್ಟಿಗೆಯ ಮೇಲೆ ಬೀಳುವ ಬಲ 10 ಕಿಲೋ ಭಾರಕ್ಕೆ ಸಮ. ನಮ್ಮ ಪ್ಲೈವುಡ್ ಪೆಟ್ಟಿಗೆಯ ಒಟ್ಟು ತೂಕವೇ ಅಷ್ಟಿದ್ದೀತು. ಅದು ನಯವಾದ ಟೈಲ್ಸ್ ಮೇಲೆ ನಡೆದಾಡದೆ ಇದ್ದರೆ ಆಶ್ಚರ್ಯ.

ಎದುರುಬದುರು ಎರಡು ರೇಡಿಯೇಟರ್ ಇಟ್ಟರೆ ಬಲಗಳು ಒಂದನ್ನೊಂದು ಕಳೆಯುತ್ತವಲ್ಲ ಎನ್ನುವಿರಿ. ಕಳೆಯುತ್ತವೆ. ಆದರೆ ವಿಸ್ತೀರ್ಣ ಎರಡು ಪಟ್ಟಾದರೆ ಬೇಕಾಗುವ ಒಟ್ಟು ತೂಕ ನಾಲ್ಕು ಪಟ್ಟು: 870 ಗ್ರಾಂ. ಒಂದೊಂದು ಕೋನೂ 435 ಗ್ರಾಂ ಹೊತ್ತು ನೇತಾಡಬೇಕು. ವಾಷರ್ ಸೇರಿಸಿ ಎಂದು ಗೆಳೆಯರು ಹಗುರವಾಗಿ ಹೇಳಿದ್ದು ಇದನ್ನೇ. ಅಪ್ಪಿತಪ್ಪಿ ಅಂಥದ್ದನ್ನು ನೆಲಮುಖವಾಗಿ ಕೂರಿಸಿದರೆ ವರ್ಷ ಕಳೆಯುವುದರೊಳಗೆ ಅಂಚು ಜೋತುಬೀಳುತ್ತದೆ.

ಸುಟ್ಟ ವೂಫರಿನ ಸಲಹೆ ಕೇಳಲು ಚೆನ್ನ. ರೇಡಿಯೇಟರ್ ಎಂಬುದು ವೂಫರ್ ತಳ್ಳುವ ಗಾಳಿಯ ಸುಮಾರು ಎರಡರಷ್ಟನ್ನು ತಳ್ಳಬಲ್ಲದ್ದಾಗಿರಬೇಕು. ಹಳೆಯ ವೂಫರಿನ ಕೋನ್ ಹಿಂದೆಮುಂದೆ ಓಡುವ ದೂರ ಗಿಡ್ಡ, ಅದರ ಬಿಗಿ ಎಷ್ಟೆಂದು ತಿಳಿಸುವ ಕಾಗದವೂ ನಮ್ಮ ಬಳಿ ಇರುವುದಿಲ್ಲ. ಒಳ್ಳೆಯದನ್ನೇ ಕೊಳ್ಳೋಣವೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದಿಡೀ ಶನಿವಾರ ಅಲೆದಿದ್ದೇನೆ. ಅಂಗಡಿಯವರು ಕೋನ್ ತೋರಿಸಿದರು, ಗ್ರಿಲ್ ತೋರಿಸಿದರು, ಕೊನೆಗೆ ಒಬ್ಬರು ಪೈಪ್ ಅಂಗಡಿಯ ದಾರಿ ತೋರಿಸಿದರು. ಇನ್ನು, ರೇಡಿಯೇಟರಿಗೆ ತನ್ನದೇ ಒಂದು ಕಂಪನಾಂಕವಿರುತ್ತದೆ; ಅಲ್ಲಿ ಸದ್ದು ಕಂದಕಕ್ಕೆ ಬೀಳುವುದರಿಂದ 30ರ ಕೆಳಗಿನ ಇಳಿಜಾರು ಕೊಳವೆಗಿಂತಲೂ ಕಡಿದು.

ಕೊಳವೆಯಲ್ಲಿ ತಪ್ಪಾದರೆ ಗರಗಸವಿದೆ. ನಾನು ಬೇಕಾದುದಕ್ಕಿಂತ ಐದು ಸೆಂ.ಮೀ. ಉದ್ದವಾಗಿ ಕತ್ತರಿಸಿ, ಅಂಟು ಹಾಕದೆ ಸಿಕ್ಕಿಸುತ್ತೇನೆ. ಪೆಟ್ಟಿಗೆಯನ್ನು ವೂಫರ್ ಮೇಲ್ಮುಖವಾಗುವಂತೆ ಮಲಗಿಸಿ ಕೋನಿನ ಮೇಲೆ ನಾಲ್ಕು ಕಾಳು ಸಾಸಿವೆ ಹಾಕಿ, ಮೊಬೈಲಿನಿಂದ ಸ್ವರ ನುಡಿಸುತ್ತ ಅದನ್ನು ಒಂದೊಂದೇ ಹರ್ಟ್ಸ್ ಇಳಿಸುತ್ತ ಹೋಗುತ್ತೇನೆ. ಶ್ರುತಿ ಬಂದ ಕಡೆ ಗಾಳಿಯೇ ದುಡಿಯುವುದರಿಂದ ಕೋನ್ ಸುಮ್ಮನಾಗುತ್ತದೆ, ಕುಣಿಯುತ್ತಿದ್ದ ಸಾಸಿವೆ ನಿಲ್ಲುತ್ತದೆ. ಅದು 28ರಲ್ಲಿ ನಿಂತರೆ ಕೊಳವೆಯನ್ನು ಹೊರಗೆಳೆದು ಒಂದಿಷ್ಟು ಕೊಯ್ದು ಮತ್ತೆ ನೋಡುತ್ತೇನೆ. ಸಂಜೆಯೊಳಗೆ ಕೆಲಸ ಮುಗಿಯುತ್ತದೆ.

ಹಲ್ಲಿಯ ವಿಚಾರ ಮಾತ್ರ ಗೆಳೆಯರದೇ ಗೆಲುವು. ಕೊಳವೆಯ ಬಾಯಿಗೆ ಸೊಳ್ಳೆ ಜಾಲರಿಯ ತುಂಡು ಕಟ್ಟಿ ನೋಡಿದೆ, ಜೋರಾದಾಗ ಸಣ್ಣಗೆ ಶಿಳ್ಳೆ ಹಾಕುತ್ತಿತ್ತು. ಈಗ ಕೇಳದ ಹೊತ್ತಿನಲ್ಲಿ ಅಲ್ಲಿಗೊಂದು ಹಳೆಯ ಕಾಲುಚೀಲ ತುರುಕಿಡುತ್ತೇನೆ.