ಬುಲೆಟ್ಟಿಗೊಂದು ಹಸುಬೆ

ಬೈಕಿಗೆ ಚೀಲ ಹಾಕಿಸಬೇಕು ಅನ್ನೋ ಯೋಚನೆ ಬಂದದ್ದು ಬೆನ್ನುನೋವಿನಿಂದ. ಬೆಂಗಳೂರಿನಿಂದ ತಿಪಟೂರಿಗೆ 140 ಕಿಲೋಮೀಟರ್ ಆಸುಪಾಸು. ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಹೊರಟರೆ ತುಮಕೂರು ದಾಟುವ ಹೊತ್ತಿಗೆ ಹೆಗಲು ‘ಇಳಿಸಪ್ಪಾ’ ಅನ್ನುತ್ತದೆ. ಗುಬ್ಬಿಯಲ್ಲಿ ಸೊಂಟವೂ ದನಿಗೂಡಿಸುತ್ತದೆ. ಹಿಂದಿನ ಸೀಟಿಗೆ ಕಟ್ಟೋಣ ಅಂದರೆ ಆ ಸೀಟಿಗೆ ಮಾಲೀಕರಿದ್ದಾರೆ. ಅವರು ನನ್ನನ್ನು ಮದುವೆಯಾಗಿ ಹನ್ನೆರಡು ವರ್ಷವಾಯಿತು.

ಹಾಗಾಗಿ ಸ್ಯಾಡಲ್ ಬ್ಯಾಗ್, ಅಂದರೆ ಬೈಕಿನ ಹಿಂಭಾಗದಲ್ಲಿ ಎರಡು ಪಕ್ಕಕ್ಕೂ ಕೂರುವ ಜೋಡಿ ಚೀಲ. ಮೊದಲ ಜೋಡಿಯನ್ನು ಮೊಬೈಲಿನಲ್ಲಿ ಫೋಟೋ ನೋಡಿಯೇ ತರಿಸಿದೆ. ‘ಜೆನ್ಯೂನ್ ಲೆದರ್’ ಅಂತ ಚಿನ್ನದ ಬಣ್ಣದ ಅಚ್ಚು ಬೇರೆ ಇತ್ತು. ಬೆಲೆ 2,800. ಒಂದು ಮಳೆಗಾಲ ಕಳೆಯಿತು. ಬೇಯಿಸಿದ ಆಲೂಗಡ್ಡೆ ಸಿಪ್ಪೆ ಸುಲಿದ ಹಾಗೆ ಸುಲಿಯಲು ಶುರುವಾಯಿತು. ಬೈಕಿನಿಂದ ಇಳಿದಾಗಲೆಲ್ಲ ಪ್ಯಾಂಟಿಗೆ ಕರಿ ಹುಡಿ. ಆಫೀಸಿನ ಲಿಫ್ಟಿನಲ್ಲಿ ಒಬ್ಬರು ಬಹಳ ಮೆತ್ತಗೆ ಕೇಳಿದರು, ‘ಮನೇಲಿ ಪೇಂಟಿಂಗ್ ನಡೀತಿದೆಯಾ ಸಾರ್?’

ಎರಡನೇ ಸಲ ಬುದ್ಧಿ ಬಂತು. ಚರ್ಮ ಕೊಳ್ಳೋದಾದರೆ ಮುಟ್ಟಿಯೇ ಕೊಳ್ಳಬೇಕು ಅಂತ ಶಿವಾಜಿನಗರಕ್ಕೆ ಹೋದೆ. ಸಂದಿಯಲ್ಲಿ ಒಂದು ಸಣ್ಣ ಅಂಗಡಿ. ಹೊಸ್ತಿಲು ದಾಟುವ ಮುಂಚೆಯೇ ವಾಸನೆ ಬಂದು ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ. ಯಜಮಾನರಿಗೆ ಎಪ್ಪತ್ತರ ಮೇಲಿರಬೇಕು. ನನ್ನ ಹಳೇ ಚೀಲ ತೋರಿಸಿದೆ. ಅವರು ನಗಲಿಲ್ಲ. ಸುಲಿದ ಜಾಗವನ್ನು ಉಗುರಿನಿಂದ ಒಂದು ಸಲ ಕೆರೆದು ಪಕ್ಕಕ್ಕಿಟ್ಟರು.

‘ಸಾರ್, ಮುಖ ನೋಡಬೇಡಿ. ಅಂಚು ನೋಡಿ.’

ಅಂಚು ಅಂದರೆ ಚರ್ಮ ಕತ್ತರಿಸಿದ ಕಡೆ. ಅಲ್ಲಿ ಯಾರೂ ವೇಷ ಹಾಕಲು ಆಗುವುದಿಲ್ಲವಂತೆ. ಒಳ್ಳೇ ಚರ್ಮದ ಅಂಚಿನಲ್ಲಿ ನಾರು ನಾರಾಗಿ ಕಾಣುತ್ತದೆ, ತೆಂಗಿನ ಮಟ್ಟೆ ಸೀಳಿದ ಹಾಗೆ. ನನ್ನದರಲ್ಲಿ ಮೇಲೊಂದು ಪ್ಲಾಸ್ಟಿಕ್ ಪೊರೆ, ಕೆಳಗೊಂದು ಬಟ್ಟೆ, ನಡುವೆ ಬೂದು ಹಿಟ್ಟು. ತೊಗಲಿನಲ್ಲಿ ರೋಮವಿದ್ದ ಕಡೆಯ ಪದರವೇ ಗಟ್ಟಿ. ಅದನ್ನು ಉಜ್ಜದೆ ಹಾಗೇ ಉಳಿಸಿಕೊಂಡರೆ ಫುಲ್ ಗ್ರೇನ್. ಕಲೆ ಕಾಣಬಾರದು ಅಂತ ಉಜ್ಜಿ ನುಣ್ಣಗೆ ಮಾಡಿದರೆ ಟಾಪ್ ಗ್ರೇನ್. ಕೆಳಗಿನ ಪದರವನ್ನು ಸೀಳಿ ತೆಗೆದರೆ ಸ್ಪ್ಲಿಟ್. ಕೊನೆಗೆ ಉಳಿದ ಚೂರು ಪಾರು ಎಲ್ಲ ಅರೆದು, ಅಂಟು ಹಾಕಿ, ಒತ್ತಿ ಹಾಳೆ ಮಾಡಿದರೆ ಬಾಂಡೆಡ್. ಅದನ್ನೂ ಚರ್ಮ ಅಂತಲೇ ಮಾರುತ್ತಾರೆ, ಪೂರ್ತಿ ಸುಳ್ಳು ಅನ್ನಲು ಬರುವುದಿಲ್ಲ. 49 ಪರ್ಸೆಂಟ್ ಚಿಕೋರಿ ಇದ್ದರೂ ಅದನ್ನು ನಾವು ಕಾಫಿಪುಡಿ ಅಂತಲೇ ತರುತ್ತೇವೆ, ಅಲ್ವಾ?

ಒಂದು ತುಂಡು ತೊಗಲು ಕೈಗೆ ಕೊಟ್ಟರು. ಎಮ್ಮೆಯದು, ಮೂರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ದಪ್ಪ. ಹೆಬ್ಬೆರಳಿಂದ ಒತ್ತಿದರೆ ಸುತ್ತ ಸಣ್ಣ ಸುಕ್ಕು ಬಂದು, ಬಿಟ್ಟ ಮೇಲೆ ಮಾಯವಾಗುತ್ತಿತ್ತು. ಒಂದು ಹನಿ ನೀರು ಹಾಕಿದರು. ಹನಿ ಸ್ವಲ್ಪ ಹೊತ್ತು ಕೂತು ಒಳಗಿಳಿಯಿತು, ಆ ಜಾಗ ಕಪ್ಪಾಯಿತು. ಒಂದು ಮೂಲೆಯಲ್ಲಿ ಬೆರಳುದ್ದದ ಗೀರು. ‘ಇದು ಡ್ಯಾಮೇಜು’ ಅಂದೆ, ಜಾಣನ ಹಾಗೆ.

‘ಬೇಲಿ ಮುಳ್ಳು ಸಾರ್. ಎಮ್ಮೆ ಬದುಕಿದ್ದಾಗ ಆಗಿದ್ದು. ಈ ಗೀರು ಇದೆ ಅಂದ್ರೆ ಇದನ್ನ ಯಾರೂ ಉಜ್ಜಿಲ್ಲ.’

ಆ ಗೀರಿರುವ ತುಂಡೇ ಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ. ಮನೆಯಲ್ಲಿ ಹೇಳಿದರೆ ಹೆಂಡತಿ, ‘ಎಮ್ಮೆ ಚರ್ಮಾನಾ? ನಿಮಗೆ ಸರಿಯಾಗಿ ಹೊಂದುತ್ತೆ ಬಿಡ್ರಿ’ ಅಂದಳು.

ಹಸಿ ತೊಗಲನ್ನು ಹದ ಮಾಡೋದರಲ್ಲೂ ಎರಡು ದಾರಿ. ಕ್ರೋಮಿಯಂ ಉಪ್ಪು ಹಾಕಿ ಮಾಡುವ ಕ್ರೋಮ್ ಹದ ಕೆಲವು ದಿನದ ಕೆಲಸ. ಚರ್ಮ ಮೆತ್ತಗಾಗುತ್ತದೆ, ನೀರಿಗೂ ಅಷ್ಟಾಗಿ ಹೆದರುವುದಿಲ್ಲ. ತೊಗಟೆ ಹದಕ್ಕೆ ವಾರಗಟ್ಟಲೆ ಬೇಕು. ಚರ್ಮ ಬಿರುಸು, ಆದರೆ ಆಕಾರ ಬಿಡುವುದಿಲ್ಲ. ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಟ್ಟು ಸುಮ್ನೆ ನಿಂತಿರುತ್ತದಲ್ಲ ತಂಗಡಿ ಗಿಡ, ಅದರ ತೊಗಟೆ ಈ ಕೆಲಸಕ್ಕೆ ಹೆಸರುವಾಸಿ. ಇಂಗ್ಲಿಷಿನವರು ಅದಕ್ಕೆ ಟ್ಯಾನರ್ಸ್ ಕ್ಯಾಸಿಯಾ ಅಂತಲೇ ಹೆಸರಿಟ್ಟಿದ್ದಾರೆ. ಇಷ್ಟು ವರ್ಷ ನಾನು ಅದನ್ನು ಆಡೂ ಮೂಸದ ಗಿಡ ಅಂದುಕೊಂಡಿದ್ದೆ.

ಹೊಲಿಗೆಯ ವಿಷಯಕ್ಕೆ ಬಂದಾಗ ಯಜಮಾನರು ಎದ್ದು ನಿಂತರು. ಮಿಷನ್ ಹೊಲಿಗೆಯಲ್ಲಿ ಮೇಲೊಂದು ದಾರ, ಕೆಳಗೊಂದು ದಾರ, ಒಂದಕ್ಕೊಂದು ಕೊಂಡಿ. ಒಂದು ಕಡೆ ಸವೆದು ಹರಿದರೆ ಸಾಲು ಸಾಲೇ ಬಿಚ್ಚಿಕೊಳ್ಳಬಹುದು. ಕೈಹೊಲಿಗೆಯಲ್ಲಿ ಒಂದೇ ದಾರ, ಎರಡು ತುದಿಗೂ ಸೂಜಿ. ಒಂದೇ ತೂತಿನಲ್ಲಿ ಎರಡು ಸೂಜಿಯೂ ಎದುರುಬದುರಾಗಿ ಹಾದುಹೋಗುತ್ತವೆ. ಒಂದು ಎಳೆ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಮೇಣ ಸವರಿದ ದಾರವನ್ನು ಎರಡೂ ಕೈಯಲ್ಲಿ ಜಗ್ಗಿದಾಗ ಟಪ್ ಅಂತ ಒಂದು ಸದ್ದು. ಮೂರು ಹೊಲಿಗೆ ಹಾಕಿ ತೋರಿಸಿ ಕೂತರು. ಬಕಲ್ ಹಿತ್ತಾಳೆಯದು ಅಂತ ಹೇಳಿದರು, ನಾನು ಹೂಂ ಅಂದೆ. ಜೋಡಿಗೆ 13,500. ಒಂದೊಂದರಲ್ಲಿ ಐದು ಕೆಜಿ ಮೇಲೆ ತುಂಬಬೇಡಿ ಅಂದರು. ಅದಕ್ಕೂ ಹೂಂ.

ಇನ್ನು ಬೈಕಿಗೆ ಹಾಕಿಸೋದು. ಬೋಲ್ಟ್ ಹಾಕಿ ಕೂರಿಸುವ ನಮೂನೆ ಒಂದು, ಸೀಟಿನ ಮೇಲಿಂದ ಆಚೆಗೊಂದು ಈಚೆಗೊಂದು ಇಳಿಬಿಡುವ ನಮೂನೆ ಇನ್ನೊಂದು. ನನಗೆ ಇಳಿಬಿಡುವುದೇ ಇಷ್ಟ. ಅಮೆರಿಕದಲ್ಲಿ 1860ರಲ್ಲಿ ಪೋನಿ ಎಕ್ಸ್‌ಪ್ರೆಸ್ ಅಂತ ಕುದುರೆ ಅಂಚೆ ಶುರುವಾಯಿತಲ್ಲ, ಅವರ ಹತ್ತಿರ ಇದ್ದದ್ದೂ ಇದೇ ನಮೂನೆ. ಮೊಚಿಲಾ ಅಂತ ಒಂದು ಚರ್ಮದ ಹೊದಿಕೆ, ಅದಕ್ಕೆ ನಾಲ್ಕು ಜೇಬು. ಕುದುರೆ ಬದಲಾಯಿಸುವಾಗ ಜೀನು ಬಿಚ್ಚುವ ಗೋಜಿಲ್ಲ. ಹೊದಿಕೆಯನ್ನು ಎಳೆದು ಹೊಸ ಕುದುರೆಯ ಮೇಲೆ ಒಗೆದು, ಅದರ ಮೇಲೆಯೇ ಕೂತು ಹೊರಡುವುದು. ಸವಾರನ ಭಾರವೇ ಅದಕ್ಕೆ ಗಂಟು. ಮುಂದಿನ ವರ್ಷ ಟೆಲಿಗ್ರಾಫ್ ತಂತಿ ಬಂತು, ಅಂಚೆ ನಿಂತಿತು. ನನ್ನ ಭಾರದ ಬಗ್ಗೆ ಡಾಕ್ಟರು ಆಗಾಗ ಹೇಳುತ್ತಿರುತ್ತಾರೆ. ಕೊನೆಗೂ ಅದು ಒಂದು ಕೆಲಸಕ್ಕೆ ಬಂತು.

ಮೆಕ್ಯಾನಿಕ್ ಹುಡುಗ ಚೀಲ ಇಳಿಬಿಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದ. ‘ಸಾರ್, ಬಲಗಡೆ ಸೈಲೆನ್ಸರ್ ಇದೆ. ಹಿಂಗೇ ಬಿಟ್ರೆ ತುಮಕೂರಿಗೆ ಹೋಗೋದ್ರೊಳಗೆ ರೋಸ್ಟ್ ಆಗುತ್ತೆ.’ ಪಟ್ಟಿ ಎರಡು ತೂತು ಮೇಲೆ ಎಳೆದು, ಕಂಬಿಯೊಂದನ್ನು ಬಗ್ಗಿಸಿ, ಚೀಲ ಚಕ್ರದ ಕಡೆ ವಾಲದ ಹಾಗೆ ಆಸರೆ ಕೊಟ್ಟ. ಎಡಗಡೆ ಅಂಥ ಕಷ್ಟವೇ ಇರಲಿಲ್ಲ. ಅಲ್ಲಿ ಸಾರಿ ಗಾರ್ಡ್ ಇತ್ತು. ಬೈಕ್ ತಂದ ದಿನ ‘ಲುಕ್ ಹಾಳು’ ಅಂತ ಅದನ್ನು ಕಿತ್ತುಹಾಕಲು ಹೊರಟಿದ್ದೆ. ಹಿಂದಿನ ಚಕ್ರಕ್ಕೆ ಮರೆ ಇರಲೇಬೇಕು ಅನ್ನೋದು ಕಾನೂನು ಅಂತ ಹೆಂಡತಿ ತಡೆದಿದ್ದಳು. ಈಗ 13,500ರ ಅರ್ಧಭಾಗ ಅದನ್ನೇ ಒರಗಿಕೊಂಡು ಕೂತಿದೆ. ಇಂಡಿಕೇಟರ್ ಮುಚ್ಚಿಹೋಗಿಲ್ಲ ತಾನೇ ಅಂತ ಹಿಂದೆ ನಿಂತು ಒಂದು ಸಲ ನೋಡಿ ಹೊರಟೆ.

ದಾರಿಯುದ್ದಕ್ಕೂ ಹೆಗಲು ಹಗುರ. ಕೆ.ಬಿ. ಕ್ರಾಸಿನಲ್ಲಿ ಟೀ ಕುಡಿಯುವಾಗ ಬೈಕನ್ನು ನಾಲ್ಕು ಜನಕ್ಕೆ ಕಾಣುವ ಹಾಗೆ ನಿಲ್ಲಿಸಿದೆ. ಯಾರೂ ನೋಡಲಿಲ್ಲ.

ಊರಲ್ಲಿ ಅಮ್ಮ ನೋಡಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಇದೇನ್ಲಾ, ನಿಮ್ ತಾತನ ಹಸುಬೆ ಚೀಲ ಇದ್ದಂಗೈತೆ’ ಅಂದರು.

ಹೌದಲ್ಲ! ತಾತನ ಹಸುಬೆ ದಪ್ಪ ನೂಲಿನದು. ಉದ್ದನೆಯ ಚೀಲ, ಬಾಯಿ ನಡುವೆ, ಎರಡು ಕಡೆ ಎರಡು ಹೊಟ್ಟೆ. ಹೆಗಲ ಮೇಲೆ ಹಾಕಿದರೆ ಒಂದು ಹೊಟ್ಟೆ ಎದೆಗೆ, ಇನ್ನೊಂದು ಬೆನ್ನಿಗೆ. ಸಂತೆಯಿಂದ ಬರುವಾಗ ಹಿಂದಿನ ಹೊಟ್ಟೆಯಲ್ಲಿ ಉಪ್ಪು, ಮೆಣಸಿನಕಾಯಿ. ಮುಂದಿನದರಲ್ಲಿ ಬೆಲ್ಲ, ಮತ್ತು ಕಾಗದದಲ್ಲಿ ಸುತ್ತಿದ ಕುರುಕಲು ಖಾರ. ನಾವು ಮುಂದಿನ ಹೊಟ್ಟೆಗೆ ಮಾತ್ರ ಕೈ ಹಾಕುತ್ತಿದ್ದೆವು. ಆ ಚೀಲ ಬೇಡ ಅಂತ ಎಸೆದವರಲ್ಲಿ ನಾನೂ ಒಬ್ಬ.

ರಾತ್ರಿ ಅಮ್ಮ ಹರಳೆಣ್ಣೆ ತಂದರು. ತಾತನ ಮೆಟ್ಟಿಗೆ ಅದನ್ನೇ ಕುಡಿಸುತ್ತಿದ್ದದ್ದು. ಎಣ್ಣೆ ಜಾಸ್ತಿ ಆದರೆ ಚರ್ಮ ಜೋತು ಬೀಳುತ್ತೆ, ಮೇಣದ ಪಾಲಿಶ್ ಸಾಕು ಅಂತ ಅಂಗಡಿಯವರು ಹೇಳಿದ್ದರು. ನಾನು ಅದನ್ನು ಹೇಳುವಷ್ಟರಲ್ಲಿ ಎಡಗಡೆ ಚೀಲದ ಮುಚ್ಚಳಕ್ಕೆ ಎಣ್ಣೆ ಬಿದ್ದಾಗಿತ್ತು. ಇವತ್ತಿಗೂ ಎಡಗಡೆಯದು ಬಲಗಡೆಯದಕ್ಕಿಂತ ಒಂದು ಬಣ್ಣ ಕಪ್ಪು.

ಬೆಳಿಗ್ಗೆ ಎದ್ದಾಗ ಚೀಲಗಳು ಜಗಲಿ ಮೇಲೆ ತುಂಬಿ ಕೂತಿದ್ದವು. ಒಂದರಲ್ಲಿ ಸುಲಿದ ತೆಂಗಿನಕಾಯಿ. ಇನ್ನೊಂದರಲ್ಲಿ ಅವರೆಕಾಯಿ, ಮೇಲೆ ಒಂದಿಷ್ಟು ಕೊಬ್ಬರಿ. ನೋಡಲು ಎರಡೂ ಒಂದೇ ಗಾತ್ರ. ಐದು ಕೆಜಿ ಲೆಕ್ಕ ಹೇಳಲು ಬಾಯಿ ತೆಗೆದೆ. ಅಮ್ಮ ನನ್ನ ಕಡೆ ನೋಡಲೇ ಇಲ್ಲ. ನಡುವಿನ ಪಟ್ಟಿಗೆ ಕೈ ಹಾಕಿ ಇಡೀ ಜೋಡಿಯನ್ನು ಒಂದು ಗೇಣು ಮೇಲೆತ್ತಿದರು. ತೆಂಗಿನಕಾಯಿ ಕಡೆ ಸರಕ್ಕನೆ ಜಗ್ಗಿತು. ಇಳಿಸಿ, ಎರಡು ಕಾಯಿ ತೆಗೆದು ಅವರೆಕಾಯಿ ಕಡೆ ತುರುಕಿ, ಮತ್ತೆ ಎತ್ತಿದರು. ಇನ್ನೂ ಒಂಚೂರು ವಾಲುತ್ತಿತ್ತು. ಒಳಗೆ ಹೋಗಿ ಒಂದು ಅಚ್ಚು ಬೆಲ್ಲ ತಂದು ಹಾಕಿ, ಮೂರನೇ ಸಲ ಎತ್ತಿ ಹಿಡಿದುಕೊಂಡು, ಅದು ಅಲ್ಲಾಡುವುದು ನಿಲ್ಲುವವರೆಗೂ ಹಾಗೇ ನಿಂತರು.